ನುಣುಪು ನೆಲದಲ್ಲಿ ಜಾರದ ಹಾಸು: ರಾಂಪುರ ಸೀಮೆಯ ಮನೆಗಳಿಗೊಂದು ಕೈಪಿಡಿ

ಟೈಲ್ಸ್ ಅಥವಾ ಪಾಲಿಶ್ ಕಲ್ಲಿನ ನೆಲದ ಮೇಲೆ ಹಾಸಿದ ಕಂಬಳಿ, ಜಮಖಾನ, ಕಾಲೊರೆಸು ಕಾಲಿಟ್ಟ ಕೂಡಲೇ ಸರಿಯುವುದು ಹೊಸ ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತಿರುವ ತೊಂದರೆ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಂಥ ಊರಿನಲ್ಲಿ ಇದಕ್ಕೆ ಎರಡು ಕಾರಣಗಳು ಜೊತೆಗೂಡಿವೆ. ಇದು ಕಂಬಳಿಯ ಸೀಮೆ. ನೆಲದ ಮೇಲೆ ಹಾಸಿ ಕೂರುವುದು, ಮಲಗುವುದು, ಪೂಜೆ ಮಾಡುವುದು ಇಲ್ಲಿ ಇನ್ನೂ ದಿನಬಳಕೆಯಲ್ಲಿದೆ. ಜೊತೆಗೆ ಇದು ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ವರ್ಷದ ಬಹುಪಾಲು ಮನೆಯೊಳಗೆ ದೂಳು ತಪ್ಪಿದ್ದಲ್ಲ. ಹಾಸು ಜಾರುವುದಕ್ಕೆ ಏನು ಕಾರಣ, ಯಾವ ನೆಲಕ್ಕೆ ಯಾವ ಉಪಾಯ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದನ್ನು ಈ ಲೇಖನ ವಿವರಿಸುತ್ತದೆ. ಖರ್ಚು ಹೆಚ್ಚಿಲ್ಲದ ಕೆಲಸ ಇದು. ಆದರೆ ಮನೆಯ ಹಿರಿಯರ ಸೊಂಟ, ಮೊಣಕಾಲು, ಕೆಲವೊಮ್ಮೆ ಪ್ರಾಣವೂ ಇದರ ಮೇಲೆ ನಿಂತಿರುವುದರಿಂದ ಸಣ್ಣ ಕೆಲಸವೆಂದು ಬದಿಗಿಡುವಂತಿಲ್ಲ.

ಇಲ್ಲಿನ ಮನೆಗಳ ಹಾಸುಗಳು

ಬಳ್ಳಾರಿ–ಚಳ್ಳಕೆರೆ ಹೆದ್ದಾರಿಯ ಮೇಲಿರುವ ರಾಂಪುರದ ಸುತ್ತಮುತ್ತ ಮನೆಯಲ್ಲಿ ಹಾಸುವ ವಸ್ತುಗಳು ಹಲವು ಬಗೆ. ಮೊದಲ ಸ್ಥಾನ ಕಂಬಳಿಯದು. ಚಳ್ಳಕೆರೆ ಕಂಬಳಿಗೆ ನಾಡಿನಾದ್ಯಂತ ಹೆಸರಿದೆ. ದಖ್ಖನಿ ತಳಿಯ ಕುರಿಗಳ ಒರಟು ಉಣ್ಣೆಯನ್ನು ಕತ್ತರಿಸಿ, ಬಿಡಿಸಿ, ಚರಕದಲ್ಲಿ ನೂತು, ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿ, ಗುಂಡಿಮಗ್ಗದಲ್ಲಿ ನೇಯುವುದು ಕುರುಬ ಸಮುದಾಯದ ನೇಕಾರರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ವಿದ್ಯೆ. ಹೊಸ ಕಂಬಳಿ ಬಿರುಸಾಗಿ, ತೂಕವಾಗಿ ಇರುವುದಕ್ಕೆ ಈ ಗಂಜಿಯೇ ಕಾರಣ. ಹೊದೆಯುವುದಕ್ಕೆ, ಮಳೆಗೆ ಕೊಪ್ಪೆ ಹಾಕಿಕೊಳ್ಳುವುದಕ್ಕೆ, ಹಾಸಿಗೆಯಾಗಿ, ದೇವರ ಕಾರ್ಯದಲ್ಲಿ ಗದ್ದಿಗೆಯಾಗಿ ಒಂದೇ ಕಂಬಳಿ ಬಳಕೆಯಾಗುತ್ತದೆ.

ಎರಡನೆಯದು ಹತ್ತಿಯ ಜಮಖಾನ. ಮದುವೆ, ನಾಮಕರಣ, ಭಜನೆಗಳಿಗೆ ಹಾಸುವ ಪಟ್ಟಾಪಟ್ಟಿ ಜಮಖಾನ ತೆಳ್ಳಗೆ, ಅಡಿಮೇಲು ಎರಡೂ ಕಡೆ ಒಂದೇ ತೆರನಾಗಿರುತ್ತದೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೇಯುವ ಜಮಖಾನಗಳು ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದಿವೆ. ನಿತ್ಯದ ಬಳಕೆಗೆ ಮನೆಗಳಲ್ಲಿರುವುದು ಹೆಚ್ಚಾಗಿ ಗಿರಣಿ ಸರಕು. ಇವುಗಳ ಜೊತೆಗೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ, ಈಚಲ ಚಾಪೆ, ಪ್ಲಾಸ್ಟಿಕ್ ಚಾಪೆ, ನಮಾಜಿನ ಚಾಪೆ, ತೆಂಗಿನ ನಾರಿನ ಕಾಲೊರೆಸು, ಅಂಗಡಿಯಿಂದ ತಂದ ಮೈಕ್ರೋಫೈಬರ್ ಮ್ಯಾಟು, ಸೋಫಾ ಮುಂದೆ ಹಾಸುವ ಪಾಲಿಯೆಸ್ಟರ್ ಕಾರ್ಪೆಟ್ಟು ಸೇರಿವೆ. ಜಾರುವ ಗುಣ ಇವುಗಳಲ್ಲಿ ಒಂದರಂತೆ ಇನ್ನೊಂದರದಲ್ಲ. ತೆಳುವಾದದ್ದು, ಹಗುರವಾದದ್ದು, ಅಡಿಭಾಗ ನುಣುಪಾದದ್ದು ಬೇಗ ಜಾರುತ್ತದೆ. ಪ್ಲಾಸ್ಟಿಕ್ ಚಾಪೆ ಮತ್ತು ತೆಳು ಪಾಲಿಯೆಸ್ಟರ್ ಮ್ಯಾಟುಗಳು ಈ ಮೂರೂ ಗುಣಗಳುಳ್ಳವು.

ನೆಲ ಬದಲಾದ ಬಗೆ

ಈ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ನೆಲವೆಂದರೆ ಮಣ್ಣು ದಮ್ಮಾಸು ಮಾಡಿ ಸಗಣಿಯಿಂದ ಸಾರಿಸಿದ್ದು. ಆ ನೆಲಕ್ಕೆ ಬರಿಗಣ್ಣಿಗೆ ಕಾಣುವಷ್ಟು ತರಿ ಇರುತ್ತಿತ್ತು. ಒರಟು ಉಣ್ಣೆಯ ಎಳೆಗಳು ಅದಕ್ಕೆ ಸಿಕ್ಕಿಕೊಂಡು ಕಂಬಳಿ ಹಾಸಿದಲ್ಲೇ ನಿಲ್ಲುತ್ತಿತ್ತು. ಆಮೇಲೆ ಬಂಡೆಗಳು ಬಂದವು. ಪಕ್ಕದ ಆಂಧ್ರದ ಬೇತಂಚೆರ್ಲ, ತಾಡಪತ್ರಿ, ಕಡಪ ಕಡೆಯ ಸುಣ್ಣಕಲ್ಲಿನ ಬಂಡೆಗಳು ಗಡಿಯ ಈ ತಾಲ್ಲೂಕುಗಳಿಗೆ ಸುಲಭವಾಗಿ ಸಿಗುತ್ತವೆ. ಪಾಲಿಶ್ ಮಾಡದ ಬಂಡೆಯ ಮೇಲೂ ಹಾಸು ಅಷ್ಟಾಗಿ ಜಾರುವುದಿಲ್ಲ. ಬಂಡೆಗೆ ಪಾಲಿಶ್ ಬಂದ ಮೇಲೆ, ಸಿಮೆಂಟಿಗೆ ಕೆಂಪು ಬಣ್ಣ ಬೆರೆಸಿ ತಿಕ್ಕಿ ಹೊಳಪು ಕೊಟ್ಟ ರೆಡಾಕ್ಸೈಡ್ ನೆಲ ಬಂದ ಮೇಲೆ ಜಾರುವಿಕೆ ಶುರುವಾಯಿತು.

ಈಗಿನದು ವಿಟ್ರಿಫೈಡ್ ಟೈಲ್ಸ್ ಕಾಲ. ಗುಜರಾತಿನ ಮೋರ್ಬಿಯ ಕಾರ್ಖಾನೆಗಳಿಂದ ಲಾರಿಗಟ್ಟಲೆ ಬರುವ ಈ ಬಿಲ್ಲೆಗಳನ್ನು ಜೇಡಿ ಮತ್ತು ಖನಿಜಗಳ ಪುಡಿಯನ್ನು ಭಾರಿ ಒತ್ತಡದಲ್ಲಿ ಅಚ್ಚೊತ್ತಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಮಾಡುತ್ತಾರೆ. ಒಳಗೆ ರಂಧ್ರಗಳು ಉಳಿಯುವುದಿಲ್ಲ. ಈ ದರ್ಜೆಯ ಬಿಲ್ಲೆ ಹೀರುವ ನೀರು ತನ್ನ ತೂಕದ ಶೇ 0.5ಕ್ಕಿಂತ ಹೆಚ್ಚಿರಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಕಲೆ ಹಿಡಿಯುವುದಿಲ್ಲ, ಒರೆಸುವುದು ಸುಲಭ ಎಂಬ ಕಾರಣಕ್ಕೆ ಜನ ಇದನ್ನು ಮೆಚ್ಚುತ್ತಾರೆ. ಕಲೆ ಹಿಡಿಯದ ಅದೇ ನುಣುಪಿನ ಮೇಲೆ ಉಣ್ಣೆಯ ಎಳೆಗೆ ಸಿಕ್ಕಿಕೊಳ್ಳಲು ತರಿಯೇ ಇರುವುದಿಲ್ಲ. ಹಿಂದೆ ಮಣ್ಣಿನ ನೆಲದ ಮೇಲೆ ಭದ್ರವಾಗಿ ಕೂತಿದ್ದ ಅದೇ ಕಂಬಳಿ ಇಲ್ಲಿ ಕಾಲಡಿಯಿಂದ ಓಡುತ್ತದೆ. ಕಂಬಳಿಯ ಗುಣ ಕೆಟ್ಟಿಲ್ಲ, ಅದಕ್ಕೆ ಆಸರೆ ಕೊಡುತ್ತಿದ್ದ ನೆಲ ಹೋಗಿದೆ.

ಹಾಸು ಜಾರುವುದೇಕೆ?

ಹಾಸಿನ ಮೇಲೆ ನಿಂತವರ ಕಾಲಡಿಯಲ್ಲಿ ಎರಡು ಸಂಧಿಗಳಿವೆ. ಒಂದು ಪಾದ ಮತ್ತು ಹಾಸಿನ ನಡುವಿನದು, ಇನ್ನೊಂದು ಹಾಸು ಮತ್ತು ನೆಲದ ನಡುವಿನದು. ಮೈಭಾರ ಎರಡರ ಮೇಲೂ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ನಡೆಯುವಾಗ ಪಾದ ಮುಂದಕ್ಕೂ ಹಿಂದಕ್ಕೂ ಕೊಡುವ ತಳ್ಳುವಿಕೆಯನ್ನು ಎರಡೂ ತಡೆದುಕೊಳ್ಳಬೇಕು. ಯಾವ ಸಂಧಿಯಲ್ಲಿ ಹಿಡಿತ ಕಡಿಮೆಯೋ ಅಲ್ಲಿ ಜಾರಿಕೆ. ಬರಿಗಾಲು ಕಂಬಳಿಯನ್ನು ಚೆನ್ನಾಗಿ ಹಿಡಿಯುತ್ತದೆ, ಕಂಬಳಿ ಟೈಲ್ಸನ್ನು ಹಿಡಿಯುವುದಿಲ್ಲ. ಹಾಗಾಗಿ ಕಾಲು ಕಂಬಳಿಯ ಸಮೇತ ಹೋಗುತ್ತದೆ. ಬರಿ ನೆಲದಲ್ಲಿ ಜಾರದ ಕಾಲು ಹಾಸಿನ ಮೇಲೆ ಜಾರುವುದರ ಗುಟ್ಟು ಇದೇ.

ಈ ಹಿಡಿತವನ್ನು ಅಳೆಯುವ ಸಂಖ್ಯೆಗೆ ಘರ್ಷಣಾ ಗುಣಾಂಕ ಎನ್ನುತ್ತಾರೆ. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯಲು ಸುಮಾರು 0.2 ಸಾಕು. ಅಂದರೆ 60 ಕಿಲೋ ತೂಕದವರು ಹೆಜ್ಜೆಯಿಟ್ಟಾಗ ಸುಮಾರು 12 ಕಿಲೋ ಭಾರಕ್ಕೆ ಸಮನಾದ ಅಡ್ಡ ತಳ್ಳುವಿಕೆಯನ್ನು ಹಾಸು ತಡೆಯಬೇಕು. ಅವಸರದ ನಡಿಗೆ, ಥಟ್ಟನೆ ತಿರುಗುವುದು, ಕುಳಿತಲ್ಲಿಂದ ಕೈಯೂರಿ ಏಳುವುದು, ಮಕ್ಕಳ ಓಟ ಇವುಗಳಿಗೆ ಇನ್ನೂ ಹೆಚ್ಚಿನ ಹಿಡಿತ ಬೇಕು.

ಫ್ರಾನ್ಸಿನ ಗೀಯೋಮ್ ಅಮೊಂಟನ್ 1699ರಲ್ಲಿ ಮಂಡಿಸಿದ ಒಂದು ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ: ಘರ್ಷಣೆ ಭಾರವನ್ನು ಅವಲಂಬಿಸಿದೆ, ತಾಗುವ ಜಾಗ ಎಷ್ಟು ಅಗಲ ಎಂಬುದನ್ನಲ್ಲ. ಹಾಸು ಅಗಲವಾಗಿದೆ ಎಂಬ ಒಂದೇ ಕಾರಣಕ್ಕೆ ಅದು ನಿಲ್ಲುವುದಿಲ್ಲ. ದೊಡ್ಡ ಹಾಸು ಸಣ್ಣದಕ್ಕಿಂತ ಕಡಿಮೆ ಜಾರುವುದು ಅದರ ಸ್ವಂತ ತೂಕದಿಂದ ಮತ್ತು ಅದರ ಮೇಲೆ ಕೂತ ಮಂಚ, ಕುರ್ಚಿಗಳ ಭಾರದಿಂದ. ಬಾಗಿಲ ಬಳಿಯ ಸಣ್ಣ ಮ್ಯಾಟಿಗೆ ಇವೆರಡೂ ಇಲ್ಲ, ಆದ್ದರಿಂದ ಅಪಾಯ ಅದರಲ್ಲೇ ಹೆಚ್ಚು. ರಬ್ಬರು ಮಾತ್ರ ಈ ನಿಯಮಕ್ಕೆ ಪೂರ್ತಿ ಒಳಪಡುವುದಿಲ್ಲ. ಅದು ಒತ್ತಿದಾಗ ಬಗ್ಗಿ ನೆಲದ ಸಣ್ಣ ಏರುತಗ್ಗುಗಳಿಗೆ ತುಂಬಿಕೊಳ್ಳುತ್ತದೆ. ತಾಗುವ ಜಾಗ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ. ಜಾರದಂತೆ ಮಾಡುವ ಉಪಾಯಗಳಲ್ಲಿ ಮತ್ತೆ ಮತ್ತೆ ರಬ್ಬರು ಬರುವುದು ಇದಕ್ಕಾಗಿ.

ಇನ್ನು ದೂಳು. ನುಣುಪು ಟೈಲ್ಸಿನ ಮೇಲಿನ ಗಟ್ಟಿ ಮಣ್ಣಿನ ಕಣಗಳು ಹಾಸಿನಡಿ ಸೇರಿದರೆ ನೆಲದ ಮೇಲೆ ಚೆಲ್ಲಿದ ರಾಗಿ ಕಾಳಿನಂತೆ ಉರುಳುತ್ತವೆ. ಎಷ್ಟೇ ಒಳ್ಳೆಯ ರಬ್ಬರಾದರೂ ದೂಳಿನ ಪದರದ ಮೇಲೆ ಕೂತರೆ ನೆಲವನ್ನು ಮುಟ್ಟುವುದೇ ಇಲ್ಲ, ದೂಳನ್ನಷ್ಟೇ ಮುಟ್ಟುತ್ತದೆ. ಆಷಾಢದ ಗಾಳಿ ಬೀಸುವ ತಿಂಗಳುಗಳಲ್ಲಿ, ಹೆದ್ದಾರಿ ಬದಿಯ ಮನೆಗಳಲ್ಲಿ ವರ್ಷವಿಡೀ, ಇದನ್ನು ಮರೆಯಬಾರದು.

ಯಾರಿಗೆ ಅಪಾಯ ಹೆಚ್ಚು?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ; ಅವರಲ್ಲಿ 60 ದಾಟಿದವರ ಪಾಲೇ ದೊಡ್ಡದು. ಹಾಸುಗಳಿಂದಾಗುವ ಬೀಳುವಿಕೆಯ ಬಗ್ಗೆ ಅಮೆರಿಕದಲ್ಲಿ 2001ರಿಂದ 2008ರವರೆಗಿನ ತುರ್ತು ಚಿಕಿತ್ಸಾ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದಿದೆ. ಅದರ ಪ್ರಕಾರ 65 ದಾಟಿದ ಅಂದಾಜು 37,991 ಜನ ವರ್ಷಕ್ಕೆ ಕಾರ್ಪೆಟ್ಟು ಅಥವಾ ಹಾಸಿನಿಂದಾಗಿ ಬಿದ್ದು ತುರ್ತು ಚಿಕಿತ್ಸೆಗೆ ಬಂದಿದ್ದರು. ಹೆಚ್ಚಿನವರು ಬಿದ್ದದ್ದು ಸ್ವಂತ ಮನೆಯಲ್ಲೇ. ಬರಿ ನೆಲದಿಂದ ಹಾಸಿಗೆ ಹೆಜ್ಜೆ ಬದಲಿಸುವ ಅಂಚು, ಒದ್ದೆಯಾದ ಮ್ಯಾಟು, ಬಚ್ಚಲಿಗೆ ಹೋಗುವ ಅವಸರ ಇವು ಮತ್ತೆ ಮತ್ತೆ ಕಂಡುಬಂದ ಸನ್ನಿವೇಶಗಳು.

ಈ ಸನ್ನಿವೇಶಗಳಲ್ಲಿ ಯಾವುದೂ ನಮ್ಮ ಮನೆಗಳಿಗೆ ಹೊರಗಿನದಲ್ಲ. ವಯಸ್ಸಾದವರ ಕಣ್ಣಿಗೆ ಅಂಚು ಸರಿಯಾಗಿ ಕಾಣುವುದಿಲ್ಲ, ಪಾದ ಎತ್ತಿ ಇಡುವುದು ಕಡಿಮೆಯಾಗಿ ಎಳೆದುಕೊಂಡು ನಡೆಯುವುದು ಹೆಚ್ಚುತ್ತದೆ, ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಹಾಸು ಸರಿಯುತ್ತಿದೆ ಎಂಬುದು ಬೇಗ ತಿಳಿಯುವುದಿಲ್ಲ. ಬಸುರಿಯರು, ಮಗುವನ್ನು ಎತ್ತಿಕೊಂಡವರು ತಮ್ಮ ಕಾಲಡಿ ನೋಡಲಾರರು. ಸೊಂಟದ ಮೂಳೆ ಮುರಿದರೆ ರಾಂಪುರದಿಂದ ಬಳ್ಳಾರಿಯ ಅಥವಾ ಚಿತ್ರದುರ್ಗದ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಶಸ್ತ್ರಚಿಕಿತ್ಸೆಯಾಗಬೇಕು, ತಿಂಗಳುಗಟ್ಟಲೆ ಒಬ್ಬರು ಜೊತೆಗಿರಬೇಕು. ಕೂಲಿ, ಹೊಲ ನಂಬಿದ ಮನೆಗೆ ಅದು ಎರಡು ಜೀವಗಳ ದುಡಿಮೆ ನಿಂತಂತೆ.

ಮೊದಲ ಕೆಲಸ: ಎರಡೂ ಮೈ ಶುಚಿ

ಏನನ್ನೂ ಕೊಳ್ಳುವ ಮೊದಲು ಮಾಡಬೇಕಾದ ಕೆಲಸವಿದು. ಹಾಸನ್ನು ಅಂಗಳಕ್ಕೆ ಒಯ್ದು, ಮಗುಚಿ ಹಾಕಿ, ಅಡಿಭಾಗವನ್ನು ಕೋಲಿನಿಂದ ಬಡಿಯಬೇಕು. ಸಾಮಾನ್ಯವಾಗಿ ಎಲ್ಲರೂ ಮೇಲ್ಭಾಗವನ್ನಷ್ಟೇ ಗುಡಿಸಿ ಬಿಡುತ್ತಾರೆ; ಜಾರಿಸುವ ದೂಳು ಇರುವುದು ಅಡಿಯಲ್ಲಿ. ಆಮೇಲೆ ಹಾಸು ಇದ್ದ ಜಾಗದ ನೆಲವನ್ನು ಮೊದಲು ಒಣ ಬಟ್ಟೆಯಿಂದ, ನಂತರ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಬೇಕು.

ನೆಲ ಒರೆಸುವ ನೀರಿಗೆ ಫಿನೈಲು, ಸೋಪಿನ ದ್ರಾವಣ ಹೆಚ್ಚಾಗಿ ಹಾಕಿದರೆ ತೆಳು ಪದರ ಉಳಿದು ಜಾರಿಕೆ ಹೆಚ್ಚುತ್ತದೆ. ಅಳತೆಗೆ ತಕ್ಕಷ್ಟೇ ಹಾಕಿ, ಕೊನೆಗೊಮ್ಮೆ ಬರಿ ನೀರಿನಿಂದ ಒರೆಸುವುದು ಒಳ್ಳೆಯದು. ಒಗ್ಗರಣೆಯ ಎಣ್ಣೆಯ ಜಿಡ್ಡು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಹನಿ, ದೇವರ ಮನೆಯ ದೀಪದ ಎಣ್ಣೆ ಇವುಗಳ ಪದರವೂ ಹಾಗೆಯೇ. ಬಿಸಿನೀರಿಗೆ ತುಸು ಪಾತ್ರೆ ತೊಳೆಯುವ ಸೋಪು ಬೆರೆಸಿ ಒರೆಸಿದರೆ ಜಿಡ್ಡು ಹೋಗುತ್ತದೆ.

ಕಡಪ, ಬೇತಂಚೆರ್ಲ, ಶಹಾಬಾದ್ ಬಂಡೆಗಳು ಸುಣ್ಣಕಲ್ಲು. ಅವುಗಳ ಮೇಲೆ ನಿಂಬೆರಸ, ವಿನೆಗರ್, ಹುಣಸೆ ನೀರು, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಯಾವುದನ್ನೂ ಬಳಸಬಾರದು. ಹುಳಿ ಕಲ್ಲನ್ನು ತಿಂದು ಹೊಳಪು ಮಂಕಾಗಿ ಬಿಳಿ ಕಲೆ ನಿಲ್ಲುತ್ತದೆ. ಆ ಕಲೆ ಮತ್ತೆ ಪಾಲಿಶ್ ಹೊಡೆಸಿದರೆ ಮಾತ್ರ ಹೋಗುವುದು. ರೆಡಾಕ್ಸೈಡ್ ನೆಲಕ್ಕೆ ಹೊಳಪು ಬರಲೆಂದು ಎಣ್ಣೆ, ಮೇಣ ತಿಕ್ಕುವ ರೂಢಿಯಿದೆ. ಹಾಸು ಹಾಕುವ ಜಾಗದಲ್ಲಿ ಅದನ್ನು ನಿಲ್ಲಿಸಬೇಕು.

ರಬ್ಬರಿನ ಅಡಿಹಾಸು

ಸುಲಭವಾಗಿ ಸಿಗುವ, ಹೆಚ್ಚು ಮನೆಗಳಿಗೆ ಹೊಂದುವ ಉಪಾಯ ಹಾಸಿನಡಿಗೆ ಹಾಕುವ ಜಾಲರಿಯಂಥ ಅಡಿಹಾಸು. ಆಂಟಿ ಸ್ಕಿಡ್ ಮ್ಯಾಟ್ ಎಂದು ಕೇಳಿದರೆ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಅಡುಗೆಮನೆಯ ಶೆಲ್ಫುಗಳಿಗೆ ಹಾಕುವ ತೆಳು ಜಾಲರಿಯೂ ಹಗುರ ಮ್ಯಾಟಿಗೆ ನಡೆಯುತ್ತದೆ. ಜನ ನಡೆದಾಡುವ ಕಡೆ ಮೂರು ಮಿಲಿಮೀಟರಿನಷ್ಟಾದರೂ ದಪ್ಪ ಇರುವುದು ವಾಸಿ.

ಕತ್ತರಿಸುವಾಗ ನಾಲ್ಕೂ ಕಡೆ ಹಾಸಿಗಿಂತ ಒಂದು ಇಂಚು ಕಡಿಮೆ ಇರಲಿ. ಅಡಿಹಾಸು ಹೊರಗೆ ಇಣುಕಿದರೆ ಅದಕ್ಕೇ ಎಡವುತ್ತಾರೆ. ತೀರಾ ಚಿಕ್ಕದಾದರೆ ಅಂಚುಗಳು ಸಡಿಲವಾಗಿ ಮಡಚಿಕೊಳ್ಳುತ್ತವೆ. ಒಂದೇ ತುಂಡು ಸಾಲದಿದ್ದರೆ ಎರಡನ್ನು ಅಕ್ಕಪಕ್ಕ ಇಟ್ಟು ಟೇಪಿನಿಂದ ಜೋಡಿಸಬೇಕು. ಒಂದರ ಮೇಲೊಂದು ಬಂದರೆ ಮೇಲಿನ ಹಾಸಿನಲ್ಲಿ ಉಬ್ಬು ಏಳುತ್ತದೆ.

ವಸ್ತುವಿನ ಆಯ್ಕೆಯಲ್ಲಿ ಎಚ್ಚರ ಬೇಕು. ಅಗ್ಗದ ಜಾಲರಿ ಪಿವಿಸಿಯದು. ಅದನ್ನು ಮೆತ್ತಗಾಗಿಸಲು ಸೇರಿಸಿದ ರಾಸಾಯನಿಕ ನಿಧಾನವಾಗಿ ಹೊರಬಂದು ಬಣ್ಣ ಬಳಿದ, ಮೇಣ ತಿಕ್ಕಿದ ಅಥವಾ ವಾರ್ನಿಶ್ ಇರುವ ನೆಲಕ್ಕೆ ಅಂಟಿ ಕಲೆ ಮಾಡಬಲ್ಲದು. ವಿಟ್ರಿಫೈಡ್ ಟೈಲ್ಸಿಗೆ ಈ ಭಯ ಕಡಿಮೆ; ರೆಡಾಕ್ಸೈಡ್ ನೆಲಕ್ಕೆ ಹೆಚ್ಚು. ಬಿಸಿಲು ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಕಿಟಕಿಯಿಂದ ನೇರ ಬಿಸಿಲು ಬೀಳುವ ಕಡೆ ಇಂಥ ಜಾಲರಿ ಅಂಟಂಟಾಗುತ್ತದೆ. ಸಹಜ ರಬ್ಬರಿನದು ಒಣಗಿ ಪುಡಿಯಾಗುತ್ತದೆ. ತಿಂಗಳಿಗೊಮ್ಮೆ ಎತ್ತಿ ನೋಡಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ ಹಾಕಿದರೆ ಹಿಡಿತ ಮರಳಿ ಬರುತ್ತದೆ. ಕೈಯಲ್ಲಿ ಉಜ್ಜಿದಾಗ ಪುಡಿ ಉದುರುತ್ತಿದ್ದರೆ ಅದನ್ನು ಬದಲಿಸುವ ಕಾಲ ಬಂದಿದೆ. ಆ ಪುಡಿಯೇ ಜಾರಿಸುತ್ತದೆ.

ಕಂಬಳಿಗೆ ಅಡಿಬಟ್ಟೆ

ಕೈಮಗ್ಗದ ಕಂಬಳಿಗೆ ಅಂಟು, ಟೇಪು, ರಬ್ಬರ್ ದ್ರಾವಣ ನೇರವಾಗಿ ಹಚ್ಚಬಾರದು. ಉಣ್ಣೆಯ ಎಳೆಯ ಮೇಲ್ಮೈಯಲ್ಲಿ ಸೂಕ್ಷ್ಮವಾದ ಚಿಪ್ಪುಗಳಿರುತ್ತವೆ. ಅಂಟು ಅವುಗಳೊಳಗೆ ಸೇರಿದರೆ ಮತ್ತೆ ಬಿಡಿಸಲಾಗದು, ಕೀಳಲು ಹೋದರೆ ಎಳೆಯೇ ಕಿತ್ತುಬರುತ್ತದೆ. ನೇಕಾರರ ವಾರಗಳ ದುಡಿಮೆ ಹಾಳಾಗದಂತೆ ಕಂಬಳಿಯನ್ನು ನಿಲ್ಲಿಸಲು ಅಡಿಬಟ್ಟೆಯ ವಿಧಾನ ಉತ್ತಮ. ಕೌದಿ ಹೊಲಿಯಲು ಬರುವವರಿಗೆ ಇದು ಅರ್ಧ ದಿನದ ಕೆಲಸ.

ಗಟ್ಟಿಯಾದ ಕೋರಾ ಬಟ್ಟೆ ತಂದು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಕಂಬಳಿಯನ್ನು ಸುಕ್ಕಾಗಿಸುತ್ತದೆ. ಕಂಬಳಿಗಿಂತ ಎಲ್ಲ ಕಡೆ ಒಂದಿಂಚು ಚಿಕ್ಕದಾಗಿ ಕತ್ತರಿಸಿ, ಅಂಚು ಮಡಚಿ ಹೊಲಿಯಬೇಕು. ಈಗ ಬಟ್ಟೆಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಬಿಗಿಯಾಗಿ ಹರಡಿ, ಕಿಟಕಿಗೆ ಹಚ್ಚುವ ಸಿಲಿಕಾನ್ ಸೀಲೆಂಟಿನಿಂದ ನಾಲ್ಕು ನಾಲ್ಕು ಇಂಚಿಗೊಂದರಂತೆ ಎರಡು ಮೂರು ಮಿಲಿಮೀಟರ್ ದಪ್ಪದ ಗೆರೆಗಳನ್ನು ಎಳೆಯಬೇಕು. ಗೆರೆಗಳು ಬಟ್ಟೆಯ ಅಡ್ಡಕ್ಕೂ ಉದ್ದಕ್ಕೂ ಇದ್ದರೆ ಯಾವ ದಿಕ್ಕಿನಿಂದ ತಳ್ಳಿದರೂ ಹಿಡಿಯುತ್ತದೆ. ಕೋಣೆಯ ಕಿಟಕಿ ತೆರೆದಿರಲಿ, ಸೀಲೆಂಟಿನ ವಾಸನೆ ಕಟುವಾಗಿರುತ್ತದೆ. ಒಂದು ಪೂರ್ತಿ ದಿನ ಒಣಗಿದ ಮೇಲೆ, ಗೆರೆಗಳಿರುವ ಬದಿ ನೆಲಕ್ಕೆ ಬರುವಂತೆ ಬಟ್ಟೆಯನ್ನು ಕಂಬಳಿಯ ಅಡಿಗಿಟ್ಟು, ದಪ್ಪ ಹತ್ತಿ ದಾರದಿಂದ ಒಂದೊಂದು ಇಂಚಿನ ಉದ್ದ ಹೊಲಿಗೆ ಹಾಕಬೇಕು. ಸೂಜಿ ಕಂಬಳಿಯ ಅಡಿಯ ಎಳೆಗಳನ್ನಷ್ಟೇ ಹಿಡಿಯಲಿ, ಮೇಲಕ್ಕೆ ಹಾಯದಿರಲಿ. ಅಂಚಿನ ಸುತ್ತ ಒಂದು ಸಾಲು, ನಡುವೆ ಅಡ್ಡಡ್ಡ ಎರಡು ಮೂರು ಸಾಲು ಸಾಕು. ಬೇಡವಾದಾಗ ದಾರ ಕತ್ತರಿಸಿದರೆ ಕಂಬಳಿ ಮೊದಲಿನಂತೆಯೇ ಸಿಗುತ್ತದೆ.

ಕಂಬಳಿಯ ಅಡಿ ನೆಲ ಒದ್ದೆಯಿರಬಾರದು. ಹುಣಸೆ ಬೀಜದ ಗಂಜಿ ನೀರು ತಾಗಿದರೆ ಮೆತ್ತಗಾಗುತ್ತದೆ, ತೇವ ನಿಂತರೆ ಹುಳ ಹಿಡಿಯುತ್ತದೆ. ನೆಲ ಒರೆಸಿ ಒಣಗಿದ ಮೇಲೆಯೇ ಹಾಸುವುದು ನಿಯಮವಾಗಲಿ.

ಟೇಪು, ಟ್ಯೂಬು ಮತ್ತು ಇತರ ಉಪಾಯಗಳು

ಎರಡು ಬದಿ ಅಂಟುವ ಕಾರ್ಪೆಟ್ ಟೇಪು ಸಣ್ಣ ಮ್ಯಾಟುಗಳಿಗೆ ತಕ್ಷಣದ ಪರಿಹಾರ. ನಾಲ್ಕು ಮೂಲೆಗೆ ಮತ್ತು ಉದ್ದನೆಯ ಅಂಚುಗಳಿಗೆ ಹಚ್ಚಿದರೆ ಚೆನ್ನಾಗಿ ನಿಲ್ಲುತ್ತದೆ. ಆದರೆ ದೂಳು ಸೇರಿದ ಮೇಲೆ ಅಂಟು ಸಾಯುತ್ತದೆ. ಹಳೆಯದಾದಾಗ ಜಿಗುಟು ನೆಲದ ಮೇಲೆ ಉಳಿಯುತ್ತದೆ. ಟೈಲ್ಸಿನ ಮೇಲಿನ ಜಿಗುಟಿಗೆ ಕೊಬ್ಬರಿ ಎಣ್ಣೆ ತಿಕ್ಕಿ ತುಸು ಹೊತ್ತು ಬಿಟ್ಟು, ಆಮೇಲೆ ಸೋಪುನೀರಿನಿಂದ ಜಿಡ್ಡು ಪೂರ್ತಿ ತೆಗೆಯಬಹುದು. ಬಂಡೆಯ ನೆಲಕ್ಕೆ ಎಣ್ಣೆ ಬೇಡ. ಕಲ್ಲು ಅದನ್ನು ಹೀರಿ ಕಪ್ಪು ಕಲೆ ಉಳಿಸಿಕೊಳ್ಳುತ್ತದೆ. ಅಲ್ಲಿ ಬಿಸಿನೀರು, ಸೋಪು, ತಾಳ್ಮೆ ಇಷ್ಟೇ ದಾರಿ.

ಸೈಕಲ್ ಅಥವಾ ಬೈಕಿನ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ, ತೊಳೆದು, ಒಳಗಿನ ಬಿಳಿ ಪುಡಿ ಹೋಗುವವರೆಗೆ ಉಜ್ಜಿ, ಪಟ್ಟಿಗಳನ್ನಾಗಿ ಕತ್ತರಿಸಿ ಜಮಖಾನದ ಅಡಿಗೆ ಹೊಲಿಯುವುದು ಖರ್ಚಿಲ್ಲದ ಉಪಾಯ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಟ್ಯೂಬು ಸಿಗುತ್ತದೆ. ನಾಲ್ಕು ಮೂಲೆಗೆ ನಾಲ್ಕು ತುಂಡು ಸಾಲದು. ಅಂಚಿನುದ್ದಕ್ಕೂ ನಡುವೆಯೂ ಪಟ್ಟಿಗಳು ಬರಬೇಕು. ಕಪ್ಪು ರಬ್ಬರು ಬಿಳಿ ಟೈಲ್ಸಿನ ಮೇಲೆ ಗೆರೆ ಬಿಡಬಹುದು, ಆದ್ದರಿಂದ ಮೊದಲು ಮಂಚದಡಿಯಂಥ ಮರೆಯ ಜಾಗದಲ್ಲಿ ಒಂದು ವಾರ ಇಟ್ಟು ನೋಡುವುದು ಜಾಣತನ.

ಭಾರ ಹೇರುವುದು ಇನ್ನೊಂದು ದಾರಿ. ಹಾಸಿನ ಒಂದು ಬದಿಯನ್ನು ಮಂಚದ ಅಥವಾ ಸೋಫಾದ ಎರಡು ಕಾಲುಗಳಡಿ ಸೇರಿಸಿದರೆ ಆ ಬದಿ ಅಲುಗುವುದಿಲ್ಲ. ಎದುರಿನ ಬದಿ ಆಗಲೂ ಸುಕ್ಕಾಗಬಹುದು, ಅದಕ್ಕೆ ಅಡಿಹಾಸು ಬೇಕೇ ಬೇಕು.

ಅಂಚು, ಮೂಲೆ

ಜಾರಿ ಬೀಳುವವರಷ್ಟೇ ಎಡವಿ ಬೀಳುವವರೂ ಇದ್ದಾರೆ. ಸುರುಳಿ ಸುತ್ತಿಟ್ಟ ಹಾಸನ್ನು ಬಿಡಿಸಿದಾಗ ಮೂಲೆಗಳು ಮೇಲಕ್ಕೆ ಎದ್ದಿರುತ್ತವೆ. ಹಾಸನ್ನು ಎದುರು ದಿಕ್ಕಿಗೆ ಸುತ್ತಿ ಒಂದು ರಾತ್ರಿ ಇಟ್ಟು, ಬೆಳಗ್ಗೆ ಹರಡಿ ಮೂಲೆಗಳ ಮೇಲೆ ಸಮತಟ್ಟಾದ ಭಾರ ಹೇರಿದರೆ ಸಾಮಾನ್ಯವಾಗಿ ಮಟ್ಟವಾಗುತ್ತವೆ. ಉಣ್ಣೆಯದಕ್ಕೆ ಇಸ್ತ್ರಿ ಒತ್ತಬಾರದು. ಮಟ್ಟವಾಗದ ಮೂಲೆಗೆ ಅಡಿಯಿಂದ ಗಟ್ಟಿ ರಬ್ಬರಿನ ತ್ರಿಕೋನದ ತುಂಡು ಹೊಲಿದರೆ ತೂಕಕ್ಕೆ ಕೆಳಗೆ ನಿಲ್ಲುತ್ತದೆ.

ಜಮಖಾನದ ಕುಚ್ಚು ಹೆಬ್ಬೆರಳಿಗೆ ಸಿಕ್ಕುವಷ್ಟು ಉದ್ದವಿದ್ದರೆ ಅಡಿಗೆ ಮಡಚಿ ಹೊಲಿಯಬೇಕು. ನೆಲದ ಬಣ್ಣ ಮತ್ತು ಹಾಸಿನ ಬಣ್ಣ ಒಂದೇ ಆಗಿದ್ದರೆ ವಯಸ್ಸಾದ ಕಣ್ಣಿಗೆ ಅಂಚು ಗೊತ್ತಾಗುವುದಿಲ್ಲ. ಕರಿ ಕಡಪ ನೆಲದ ಮೇಲೆ ಕರಿ ಕಂಬಳಿ ಹಾಸುವವರು ಅಂಚಿಗೆ ಬಿಳಿ ಅಥವಾ ಹಳದಿ ಪಟ್ಟಿಯೊಂದನ್ನು ಹೊಲಿಯುವುದು ಒಳಿತು.

ಬಚ್ಚಲ ಬಾಗಿಲು, ಅಡುಗೆಮನೆ, ಹೊಸಿಲು

ಮನೆಯ ಅತಿ ಅಪಾಯದ ಮ್ಯಾಟು ಬಚ್ಚಲ ಬಾಗಿಲಿನದು. ನೀರು ಸೇರಿದಾಗ ಬಟ್ಟೆಯ ಮ್ಯಾಟು ತೇಲಿದಂತೆ ಸರಿಯುತ್ತದೆ; ಹಳೆಯ ಸೀರೆ, ಟವೆಲ್ಲು, ಗೋಣಿಚೀಲ ಹಾಕುವ ರೂಢಿಯನ್ನು ಇಲ್ಲಿ ಬಿಡಲೇಬೇಕು. ಅಡಿಗೆ ಪೂರ್ತಿ ರಬ್ಬರು ಮೆತ್ತಿದ, ನೀರು ಬೇಗ ಆರುವ ಮ್ಯಾಟು ತಂದು, ಎರಡು ಇಟ್ಟುಕೊಂಡು ದಿನ ಬಿಟ್ಟು ದಿನ ಬಿಸಿಲಿಗೆ ಹಾಕಿ ಬದಲಿಸಬೇಕು. ಬಚ್ಚಲ ಒಳಗೆ ಬೇಕಾದರೆ ಅಡಿಯಲ್ಲಿ ಹೀರುಬಟ್ಟಲುಗಳಿರುವ ರಬ್ಬರ್ ಮ್ಯಾಟು ನುಣುಪು ಟೈಲ್ಸಿಗೆ ಹಿಡಿಯುತ್ತದೆ. ಒರಟು ಕಲ್ಲಿನ ಮೇಲೆ ಗಾಳಿ ನುಸುಳುವುದರಿಂದ ಆ ಬಟ್ಟಲುಗಳು ಕೆಲಸ ಮಾಡುವುದಿಲ್ಲ. ಮ್ಯಾಟು ಎಷ್ಟೇ ಒಳ್ಳೆಯದಿದ್ದರೂ ಹಿಡಿದುಕೊಳ್ಳಲು ಗೋಡೆಗೆ ಕಬ್ಬಿಣದ ಅಥವಾ ಸ್ಟೀಲಿನ ಹಿಡಿಕೆಯೊಂದಿರಲಿ.

ಅಡುಗೆಮನೆಯ ಸಿಂಕಿನ ಮುಂದೆಯೂ ಇದೇ ನಿಯಮ; ಅಲ್ಲಿ ನೀರಿನ ಜೊತೆ ಎಣ್ಣೆಯೂ ಇರುತ್ತದೆ. ಹೊಸಿಲ ಹೊರಗಿನ ನಾರಿನ ಕಾಲೊರೆಸು ದೂಳು ತಡೆಯುವುದರಲ್ಲಿ ಸಮರ್ಥ. ಅದು ಒಳಗೆ ಬರುವ ಮಣ್ಣನ್ನು ತಡೆದಷ್ಟೂ ಒಳಗಿನ ಹಾಸುಗಳ ಹಿಡಿತ ಉಳಿಯುತ್ತದೆ. ನಾರಿನ ಮ್ಯಾಟು ಕೊಳ್ಳುವಾಗ ಅಡಿಗೆ ರಬ್ಬರ್ ಅಥವಾ ಪಿವಿಸಿ ಮೆತ್ತಿದ್ದನ್ನೇ ಆರಿಸಬೇಕು. ಮೆಟ್ಟಿಲುಗಳ ಮೇಲೆ ಬಿಡಿ ಹಾಸು ಯಾವ ಕಾರಣಕ್ಕೂ ಬೇಡ.

ಮಾಡಬಾರದ ಕೆಲಸಗಳು

ಗೊಬ್ಬರದ ಚೀಲ, ಸಿಮೆಂಟ್ ಚೀಲ, ಪ್ಲಾಸ್ಟಿಕ್ ಹಾಳೆಯನ್ನು ಹಾಸಿನಡಿ ಹಾಕುವುದು ಜಾರಿಕೆಯನ್ನು ಹೆಚ್ಚಿಸುತ್ತದೆ. ಚೀಲದ ಪಾಲಿಪ್ರೊಪಿಲೀನ್ ಎಳೆಗಳು ಬಹಳ ನುಣುಪು. ಹಳೆಯ ಪತ್ರಿಕೆಯೂ ಹಾಗೆಯೇ. ನೆಲಕ್ಕೆ ನೀರು ಚಿಮುಕಿಸಿ ಹಾಸು ಅಂಟಿಸುವುದು ಒಣಗುವವರೆಗಿನ ಆಟ, ಜೊತೆಗೆ ಹಾಸಿಗೆ ಬೂಸ್ಟು. ಬಿಸಿ ಅಂಟಿನ ಚುಕ್ಕೆಗಳು ಗಟ್ಟಿಯಾಗಿ ಒಡೆಯುತ್ತವೆ, ನುಣುಪಾದಾಗ ತಾವೇ ಜಾರುತ್ತವೆ. ಜಾರುವ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟು ಹಾಕಿದರೆ ಜಾರುವ ಸಂಧಿ ಒಂದು ಹೆಚ್ಚಾಯಿತು ಅಷ್ಟೇ.

ಹಿಡಿತ ಸಾಲುತ್ತದೆಯೇ? ಪರೀಕ್ಷಿಸುವ ಬಗೆ

ಮೊದಲನೆಯದು ತಳ್ಳುವ ಪರೀಕ್ಷೆ. ಗೋಡೆ ಅಥವಾ ಕಂಬ ಹಿಡಿದು ನಿಂತು, ಒಂದು ಪಾದವನ್ನು ಹಾಸಿನ ಅಂಚಿನಲ್ಲಿಟ್ಟು ಮೈಭಾರ ಬಿಟ್ಟು ಮುಂದಕ್ಕೂ ಪಕ್ಕಕ್ಕೂ ಜೋರಾಗಿ ತಳ್ಳಬೇಕು. ಹಾಸು ಬೆರಳಗಲವೂ ಸರಿಯಬಾರದು. ಮನೆಯಲ್ಲಿ ಗಟ್ಟಿಮುಟ್ಟಾಗಿರುವವರು ಮಾತ್ರ ಇದನ್ನು ಮಾಡಲಿ.

ಎರಡನೆಯದು ಸೀಮೆಸುಣ್ಣದ ಪರೀಕ್ಷೆ. ಹಾಸಿನ ನಾಲ್ಕೂ ಮೂಲೆಗಳ ಸುತ್ತ ನೆಲದ ಮೇಲೆ ಗೆರೆ ಎಳೆದು, ಒಂದು ವಾರ ಎಂದಿನಂತೆ ಓಡಾಡಬೇಕು. ಒಂದೇ ಸಲಕ್ಕೆ ಜಾರದ ಹಾಸು ದಿನಕ್ಕಿಷ್ಟು ತೆವಳಿ ಸ್ಥಳ ಬದಲಿಸಿರಬಹುದು. ಯಾವ ಮೂಲೆ ಗೆರೆಯಿಂದ ದೂರ ಸರಿದಿದೆ ಎಂದು ನೋಡಿದರೆ ಮನೆಯವರು ಎಲ್ಲಿ ತಿರುಗುತ್ತಾರೆ, ಎಲ್ಲಿ ಬಲ ಹೆಚ್ಚು ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. ಆ ಬದಿಗೆ ಹಿಡಿತ ಹೆಚ್ಚಿಸಬೇಕು. ಉಗಾದಿ, ದಸರಾ, ದೀಪಾವಳಿಗೆ ಮನೆ ಸಾರಣೆ ಮಾಡುವಾಗಲೆಲ್ಲ ಈ ಎರಡು ಪರೀಕ್ಷೆ ಸೇರಿಸಿಕೊಂಡರೆ ಮರೆಯುವುದಿಲ್ಲ.

ಹಾಸಿ ಎತ್ತಿಡುವ ರೂಢಿ

ನಮ್ಮ ಹಿರಿಯರ ಮನೆಗಳಲ್ಲಿ ಕಂಬಳಿ, ಚಾಪೆ, ಜಮಖಾನ ಸದಾ ನೆಲದ ಮೇಲೆ ಬಿದ್ದಿರುತ್ತಿರಲಿಲ್ಲ. ಬಂದವರಿಗೆ ಹಾಸುತ್ತಿದ್ದರು, ಎದ್ದು ಹೋದ ಮೇಲೆ ಕೊಡವಿ ಮಡಚಿ ಗಳುವಿನ ಮೇಲೆ ಹಾಕುತ್ತಿದ್ದರು. ಕೂರಲು, ಮಲಗಲು ಹಾಸು. ನಡೆಯಲು ಬರಿ ನೆಲ. ನಡೆಯುವ ದಾರಿಯಲ್ಲಿ ಹಾಸನ್ನು ಶಾಶ್ವತವಾಗಿ ಬಿಡುವುದು ಸೋಫಾ, ಟೀಪಾಯಿಗಳ ಜೊತೆ ಬಂದ ಹೊಸ ಅಭ್ಯಾಸ. ಟೈಲ್ಸ್ ನೆಲದ ಮನೆಗೆ ಹಳೆಯ ರೂಢಿಯೇ ಹೆಚ್ಚು ಸುರಕ್ಷಿತ. ಅದರಿಂದ ಕಂಬಳಿಗೂ ಆಯುಷ್ಯ: ದಿನವೂ ಕೊಡವಿದ ಉಣ್ಣೆಯಲ್ಲಿ ಹುಳ ನಿಲ್ಲುವುದಿಲ್ಲ, ಅಡಿಯಲ್ಲಿ ದೂಳು ಸೇರುವುದಿಲ್ಲ.

ಹೊಸ ಮನೆ ಕಟ್ಟಿಸುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಪಡಸಾಲೆಗೆ ಹೊಳೆಯುವ ಟೈಲ್ಸ್ ಹಾಕಿಸಿದರೂ ಬಚ್ಚಲು, ಅಡುಗೆಮನೆ, ಹೊರಗಿನ ಕಟ್ಟೆ, ಮೆಟ್ಟಿಲುಗಳಿಗೆ ಹೊಳಪಿಲ್ಲದ ಒರಟು ಟೈಲ್ಸನ್ನೋ ಪಾಲಿಶ್ ಇಲ್ಲದ ಬಂಡೆಯನ್ನೋ ಕೇಳಿ ಹಾಕಿಸಿಕೊಳ್ಳಬೇಕು. ಮೇಸ್ತ್ರಿ ನುಣುಪನ್ನೇ ಹೊಗಳಿದರೂ ಬಿಲ್ಲೆಯ ಮೇಲೆ ನೀರು ಸುರಿದು ಕಾಲಿಟ್ಟು ನೋಡಿ ಆರಿಸುವುದು ಮನೆಯವರ ಹಕ್ಕು.

ಈಗಾಗಲೇ ಟೈಲ್ಸ್ ಮನೆಯಲ್ಲಿರುವವರು ಹಿರಿಯರ ಮಂಚದಿಂದ ಬಚ್ಚಲಿನವರೆಗಿನ ದಾರಿಯಿಂದ ಕೆಲಸ ಶುರುಮಾಡಲಿ. ಆ ದಾರಿಯಲ್ಲಿರುವ ಬಿಡಿ ಹಾಸುಗಳನ್ನೆಲ್ಲ ಇವತ್ತೇ ಎತ್ತಿಡಬೇಕು. ಯಾವುದು ನಿಜಕ್ಕೂ ಬೇಕೋ ಅದನ್ನು ಮಾತ್ರ ಶುಚಿ ಮಾಡಿ, ಅಡಿಹಾಸು ಹಾಕಿ, ತಳ್ಳಿ ನೋಡಿ, ಮರಳಿ ಹಾಸಬೇಕು. ರಾತ್ರಿ ಆ ದಾರಿಗೊಂದು ಸಣ್ಣ ದೀಪ ಉರಿಯಲಿ.